ಏಳು ತಿಂಗಳಿಗೆ ತಂದು ನಿಲ್ಲಿಸೋದು ಯಾರು? ನಮ್ಮ ಎಂಪಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಹೋಗಿರೋ 28 ಜನಕ್ಕೂ ರಾಜ್ಯಸಭೆಯಲ್ಲಿರೋ 12 ಜನಕ್ಕೂ ನಮಸ್ಕಾರ.

ನೀವು ಯಾವ ಪಾರ್ಟಿ ಅನ್ನೋದು ಈ ಪತ್ರಕ್ಕೆ ಬೇಕಾಗಿಲ್ಲ, ಯಾಕಂದ್ರೆ ಈ ವಿಷಯದಲ್ಲಿ ಎಲ್ಲ ಪಾರ್ಟಿಯೋರೂ ಒಂದೇ ಥರ ಸುಮ್ನಿದೀರ. ವಿಷಯ ಗರ್ಭಪಾತದ ಕಾನೂನು. 2022ರ ಜೂನ್ 24ಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಕೊಟ್ಟಿದ್ದ 1973ರ ರೋ ತೀರ್ಪನ್ನ ರದ್ದು ಮಾಡ್ದಾಗ ನಮ್ಮಲ್ಲಿ ಎಷ್ಟೊಂದು ಜನ ಬೀಗಿದ್ರು, ನೋಡಿ ಅವರು ಹಿಂದಕ್ಕೆ ಹೋಗ್ತಿದಾರೆ, ನಾವು 1971ರಲ್ಲೇ ಹೆಂಗಸರಿಗೆ ಈ ಹಕ್ಕು ಕೊಟ್ಬಿಟ್ಟಿದೀವಿ ಅಂತ. ಟಿವಿ ಚರ್ಚೆಯಲ್ಲೂ ಅದೇ, ವಾಟ್ಸಾಪಲ್ಲೂ ಅದೇ. ಸರಿ, ಏನು ಕೊಟ್ಟಿದೀವಿ ಅಂತ ಆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ, ಅಂದ್ರೆ ಎಂಟಿಪಿ ಕಾಯ್ದೆಯ ಮೂರನೇ ಸೆಕ್ಷನ್ ತೆಗೆದು ಒಂದ್ಸಲ ಓದಿ ನೋಡಿ. ದಂಡ ಸಂಹಿತೆಯಲ್ಲಿ ಏನೇ ಇರಲಿ, ಈ ಕಾಯ್ದೆ ಪ್ರಕಾರ ಗರ್ಭ ತೆಗೆದ ನೋಂದಾಯಿತ ವೈದ್ಯ ಅಪರಾಧಿ ಆಗಲ್ಲ ಅಂತಲೇ ಅದು ಶುರುವಾಗೋದು. ಅಂದ್ರೆ ರಕ್ಷಣೆ ಇರೋದು ವೈದ್ಯರಿಗೆ. ಹೆಂಗಸಿಗೆ ಹಕ್ಕಿದೆ ಅನ್ನೋ ಮಾತು ಆ ಕಾಯ್ದೆಯಲ್ಲಿ ಎಲ್ಲೂ ಸಿಗಲ್ಲ. ಅವಳ ಒಪ್ಪಿಗೆ ಇಲ್ದೆ ಗರ್ಭ ತೆಗೆಯೋ ಹಾಗಿಲ್ಲ ಅಂತ ಇದೆ, ಅದು ಬಹಳ ಒಳ್ಳೇದು, ಅದರ ಬಗ್ಗೆ ಆಮೇಲೆ ಬರ್ತೀನಿ, ಆದ್ರೆ ಅವಳು ನಂಗೆ ಬೇಡ ಅಂದ್ರೆ ಅಷ್ಟೇ ಸಾಕು ಅಂತ ಯಾವ ವಾರದಲ್ಲೂ ಇಲ್ಲ, ಐದನೇ ವಾರದಲ್ಲೂ ಇಲ್ಲ.

ಇದು ಹೀಗೆ ಇರೋದಕ್ಕೆ ಚರಿತ್ರೆ ಇದೆ. 1860ರ ದಂಡ ಸಂಹಿತೆಯ 312ನೇ ಸೆಕ್ಷನ್ ಪ್ರಕಾರ ಗರ್ಭಪಾತ ಮಾಡಿಸೋದು ಅಪರಾಧ, ಮೂರು ವರ್ಷದ ತನಕ ಜೈಲು, ಹೊಟ್ಟೆಯಲ್ಲಿ ಕೂಸು ಮಿಸುಕಾಡೋಕೆ ಶುರುವಾಗಿದ್ರೆ ಏಳು ವರ್ಷ, ತಾಯಿ ಜೀವ ಉಳಿಸೋಕೆ ಮಾಡಿದ್ರೆ ಮಾತ್ರ ಬಿಡುಗಡೆ. ತಾನೇ ಗರ್ಭ ತೆಗೆಸಿಕೊಂಡ ಹೆಂಗಸೂ ಅದೇ ಸೆಕ್ಷನ್ನಿನ ಒಳಗೇ ಬರ್ತಾಳೆ. ಕದ್ದುಮುಚ್ಚಿ ಮಾಡಿಸಿಕೊಂಡು ಸಾಯೋರು ಜಾಸ್ತಿ ಆದ್ರು ಅಂತ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ಆಯ್ತು, 1971ರಲ್ಲಿ ಕಾಯ್ದೆ ಬಂತು, ಅದರ ಉದ್ದೇಶದ ಟಿಪ್ಪಣಿಯಲ್ಲಿ ಆರೋಗ್ಯ, ಮಾನವೀಯತೆ, ಸುಜನನ ಅಂತ ಮೂರು ಕಾರಣ ಕೊಟ್ರು. ಸುಜನನ, ಅಂದ್ರೆ ದೋಷ ಇಲ್ಲದ ಮಕ್ಕಳೇ ಹುಟ್ಟಲಿ ಅನ್ನೋದು! ಹೆಂಗಸಿನ ತೀರ್ಮಾನ ಅನ್ನೋದು ಆ ಮೂರರಲ್ಲಿ ಇರಲೇ ಇಲ್ಲ. ಸರಿ, ಅದು ಆ ಕಾಲ. ಆದ್ರೆ ಮೊನ್ನೆ ಮೊನ್ನೆ, 2023ರಲ್ಲಿ, ಬ್ರಿಟಿಷರ ಕಾಲದ ಕಾನೂನು ಕಿತ್ತೊಗೀತೀವಿ ಅಂತ ಇಡೀ ದಂಡ ಸಂಹಿತೆಯನ್ನ ಹೊಸದಾಗಿ ಬರೆದ್ರಲ್ಲ, ಆಗ ಈ 312 ಏನಾಯ್ತು ಗೊತ್ತಾ, ಭಾರತೀಯ ನ್ಯಾಯ ಸಂಹಿತೆಯ 88 ಆಯ್ತು. ನಂಬರ್ ಬದಲಾಯ್ತು, ಒಳಗಿನ ಸರಕು ಅದೇ. ಅತ್ಲಾಗೆ ಬ್ರಿಟನ್ನಿನಲ್ಲಿ 2025ರ ಜೂನ್ 17ಕ್ಕೆ ಕಾಮನ್ಸ್ ಸಭೆ ತನ್ನ ಗರ್ಭ ತಾನು ತೆಗೆಸಿಕೊಂಡ ಹೆಂಗಸಿನ ಮೇಲೆ ಕ್ರಿಮಿನಲ್ ಕೇಸ್ ಹಾಕೋ ಹಾಗಿಲ್ಲ ಅಂತ 379ಕ್ಕೆ 137 ವೋಟಲ್ಲಿ ತೀರ್ಮಾನ ಮಾಡ್ತು. ನಮಗೆ ಈ ಸೆಕ್ಷನ್ ಕೊಟ್ಟು ಹೋದೋರೇ ಅವರದ್ದನ್ನ ಬಿಡೋಕೆ ಹೊರಟಿದಾರೆ, ನಾವು ಹೊಸ ಬೈಂಡಿಂಗ್ ಹಾಕಿಸಿ ಜೋಪಾನವಾಗಿ ಇಟ್ಕೊಂಡಿದೀವಿ.

ಈಗ ಕಾಯ್ದೆ ನಡೆಯೋ ರೀತಿ. 20 ವಾರದ ತನಕ ಒಬ್ಬ ಡಾಕ್ಟರ್ ಒಪ್ಪಬೇಕು. 20ರಿಂದ 24 ವಾರದ ತನಕ ಇಬ್ಬರು ಡಾಕ್ಟರ್ ಒಪ್ಪಬೇಕು, ಅದೂ ನಿಯಮದಲ್ಲಿ ಪಟ್ಟಿ ಮಾಡಿರೋ ಹೆಂಗಸರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದೋರು, 18 ತುಂಬದೋರು, ಬಸಿರಿದ್ದಾಗ ಗಂಡ ಸತ್ತೋರು ಇಲ್ಲಾ ಡೈವೋರ್ಸ್ ಆದೋರು, ಅಂಗವಿಕಲರು, ಮಾನಸಿಕ ಕಾಯಿಲೆ ಇರೋರು, ಹೀಗೆ. 24 ದಾಟಿದ್ರೆ ಭ್ರೂಣದಲ್ಲಿ ಗಂಭೀರ ದೋಷ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು, ಇಲ್ಲಾ ತಾಯಿ ಜೀವಕ್ಕೆ ತಕ್ಷಣದ ಅಪಾಯ ಇರಬೇಕು. ಬೇರೆ ಏನೇ ಕಾರಣ ಇದ್ರೂ ಹೈಕೋರ್ಟಿಗೆ ರಿಟ್ ಹಾಕ್ಕೊಂಡು ಹೋಗಬೇಕು. ಇದರ ಜೊತೆಗೆ ಮೊದಲ 20 ವಾರದಲ್ಲೂ ಡಾಕ್ಟರು ಕಾರಣ ಬರೀಬೇಕು, ತಾಯಿ ಜೀವಕ್ಕೆ ಅಪಾಯ, ಇಲ್ಲಾ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ, ಇಲ್ಲಾ ಮಗುಗೆ ದೋಷ. ಗರ್ಭನಿರೋಧಕ ಫೇಲ್ ಆಗಿ ಬಸಿರಾದ್ರೆ ಅದರ ಸಂಕಟವನ್ನ ಮನಸ್ಸಿಗೆ ಆದ ಗಂಭೀರ ಹಾನಿ ಅಂತ ತಿಳೀಬಹುದು ಅಂತ ಒಂದು ವಿವರಣೆ ಇದೆ, ಹಾಗಾಗಿ ಏನನ್ನೂ ಬಳಸದೇ ಇದ್ದೋರೂ ಬಳಸಿದ್ವಿ, ಕೈಕೊಡ್ತು ಅಂತ ಹೇಳ್ಬೇಕು. ಹೇಳಿಸಿಕೊಳ್ಳೋ ಡಾಕ್ಟರಿಗೂ ಗೊತ್ತು, ಹೇಳೋಳಿಗೂ ಗೊತ್ತು. ಗಂಡನ ಸಹಿ ಬೇಕು ಅಂತ ಕಾಯ್ದೆ ಎಲ್ಲೂ ಹೇಳಲ್ಲ, 18 ದಾಟಿದೋಳು ಒಬ್ಬಳೇ ಸಹಿ ಹಾಕಿದ್ರೆ ಸಾಕು, ಆದ್ರೂ ಎಷ್ಟೋ ಆಸ್ಪತ್ರೆಗಳಲ್ಲಿ ಗಂಡನ್ನ ಕರ್ಕೊಂಡ್ ಬನ್ನಿ, ಅಮ್ಮನ್ನ ಕರ್ಕೊಂಡ್ ಬನ್ನಿ ಅಂತ ವಾಪಸ್ ಕಳಿಸ್ತಾರೆ, ಯಾಕಂದ್ರೆ ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಜೈಲಿನ ಸೆಕ್ಷನ್ ಇರೋದು ಡಾಕ್ಟರ್ ತಲೆ ಮೇಲೆ.

ಒಂದು ವಾರ ಹೋಯ್ತಾ. ಇನ್ನೊಂದು ಆಸ್ಪತ್ರೆ ಹುಡುಕೋಷ್ಟರಲ್ಲಿ ಇನ್ನೊಂದು ವಾರ.

ನಾನು ಈ ಪತ್ರ ಬರೀತಿರೋದೇ ಈ ವಾರಗಳ ಲೆಕ್ಕಕ್ಕೆ. ಗರ್ಭಪಾತ ಸರಿಯೋ ತಪ್ಪೋ ಅನ್ನೋ ಜಗಳದಲ್ಲಿ ಎರಡು ಕಡೆಯೋರೂ ಕೂಗಾಡ್ತಾರೆ, ಒಬ್ಬರು ಅಂಡ ಫಲಿತ ಆದ ಕ್ಷಣದಿಂದಲೇ ಅದು ಮನುಷ್ಯ ಅಂತಾರೆ, ಇನ್ನೊಬ್ಬರು ಹುಟ್ಟೋ ತನಕ ಅದು ತಾಯಿ ಮೈಯ ಒಂದು ಭಾಗ ಅಷ್ಟೇ ಅಂತಾರೆ. ನಿಜ ಹೇಳ್ಬೇಕಂದ್ರೆ ಈ ಎರಡನ್ನೂ ಪೂರ್ತಿ ನಂಬಿಕೊಂಡು ಬದುಕೋರನ್ನ ನಾನು ಕಂಡಿಲ್ಲ. ಆರನೇ ವಾರಕ್ಕೆ ಗರ್ಭ ಇಳಿದು ಹೋದ್ರೆ ಆ ಹೆಂಗಸಿಗೆ ದುಃಖ ಆಗುತ್ತೆ, ಎಷ್ಟೋ ಸಲ ಮನೆಯೋರಿಗೂ ಹೇಳಿರಲ್ಲ, ಆದ್ರೆ ಯಾರೂ ಮಣ್ಣು ಮಾಡೋಕೆ ಹೋಗಲ್ಲ, ತಿಥಿ ಮಾಡಲ್ಲ. ಎಂಟನೇ ತಿಂಗಳಿಗೆ ಹೋದ್ರೆ ಮನೆಗೆ ಮನೆಯೇ ಕುಸಿದು ಕೂರುತ್ತೆ. ನಮ್ಮ ಹಳೇ ಧರ್ಮಶಾಸ್ತ್ರದಲ್ಲೂ ಗರ್ಭ ಇಳಿದು ಹೋದ್ರೆ ಎಷ್ಟು ತಿಂಗಳು ಆಗಿತ್ತೋ ಅಷ್ಟು ರಾತ್ರಿ ಸೂತಕ ಅಂತ ಹೇಳಿದಾರೆ, ಅಂದ್ರೆ ತಿಂಗಳು ಏರಿದ ಹಾಗೆ ಅದರ ತೂಕವೂ ಏರುತ್ತೆ ಅನ್ನೋದು ಅವರಿಗೂ ಅನ್ನಿಸಿತ್ತು. ಅದೇ ಶಾಸ್ತ್ರ ಭ್ರೂಣಹತ್ಯೆಯನ್ನ ಘೋರ ಪಾಪ ಅಂತಲೂ ಹೇಳುತ್ತೆ, ಅದನ್ನ ನಾನು ಮುಚ್ಚಿಡಲ್ಲ, ಎರಡೂ ಅಲ್ಲೇ ಇವೆ. ವಿಜ್ಞಾನ ಕೇಳಿದ್ರೂ ಒಂದು ಗೆರೆ ಸಿಗಲ್ಲ. ಸುಮಾರು ಆರನೇ ವಾರಕ್ಕೆ ಸ್ಕ್ಯಾನಲ್ಲಿ ಎದೆಬಡಿತ ಥರದ್ದು ಕಾಣುತ್ತೆ, 18–20 ವಾರದ ಆಸುಪಾಸಲ್ಲಿ ಮಿಸುಕಾಟ ಗೊತ್ತಾಗುತ್ತೆ, 24ರ ಹತ್ರ ಹತ್ರ ಬಂದ್ರೆ ಒಳ್ಳೇ ಎನ್‌ಐಸಿಯು (ಆಗ ತಾನೇ ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕ) ಇದ್ರೆ ಹೊರಗೆ ಬದುಕೋ ಸಾಧ್ಯತೆ ಹುಟ್ಟುತ್ತೆ, ನೋವು ಅರಿಯೋಕೆ ಬೇಕಾದ ಮಿದುಳಿನ ಸಂಪರ್ಕ 24 ವಾರಕ್ಕೆ ಮುಂಚೆ ಆಗಿರಲ್ಲ ಅಂತ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2010ರಲ್ಲಿ ಹೇಳ್ತು, ಅದನ್ನ ಒಪ್ಪದ ವಿಜ್ಞಾನಿಗಳೂ ಇದಾರೆ. ಇದರಲ್ಲಿ ಯಾವುದೂ ಇಲ್ಲಿಂದಾಚೆ ಮನುಷ್ಯ, ಇಲ್ಲಿಂದೀಚೆ ಅಲ್ಲ ಅಂತ ಹೇಳಲ್ಲ, ಎಲ್ಲ ಸೇರಿ ಹೇಳೋದು ಒಂದೇ, ಹೊತ್ತು ಹೋದಷ್ಟೂ ಪ್ರಶ್ನೆ ಕಷ್ಟ ಆಗುತ್ತೆ.

ಅದನ್ನ ನೀವು ಒಪ್ಪೋದಾದ್ರೆ, ಒಪ್ತೀರ ಅಂತಲೇ ಅಂದ್ಕೊಂಡಿದೀನಿ, ಯಾಕಂದ್ರೆ ನಿಮ್ಮ ಕಾಯ್ದೆಯ 20–24 ಅನ್ನೋ ಮೆಟ್ಟಿಲು ನಿಂತಿರೋದೇ ಅದರ ಮೇಲೆ, ಆಗ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತೆ. ಎಂಟನೇ ವಾರದಲ್ಲಿ ಮುಗೀಬೇಕಾಗಿದ್ದನ್ನ ಇಪ್ಪತ್ತೈದಕ್ಕೆ ತಂದು ನಿಲ್ಲಿಸೋ ಪ್ರತಿಯೊಂದು ಸಹಿ, ಪ್ರತಿಯೊಂದು ರೆಫರಲ್, ಪ್ರತಿಯೊಂದು ಮುಂದೂಡಿಕೆ ಆ ನೈತಿಕ ಕಷ್ಟವನ್ನ ಹುಟ್ಟಿಸ್ತಿದೆ. ಭ್ರೂಣದ ಬಗ್ಗೆ ನಿಜವಾಗ್ಲೂ ಕಾಳಜಿ ಇರೋರು ಬೇಗ ಆಗಲಿ ಅಂತ ಹಟ ಹಿಡೀಬೇಕಿತ್ತು. ಹಿಡಿದಿಲ್ಲ.

2023ರ ಅಕ್ಟೋಬರ್ ನೆನಪಿದೆಯಾ? ಇಬ್ಬರು ಮಕ್ಕಳ ತಾಯಿ, 27 ವರ್ಷ, ಎರಡನೇ ಹೆರಿಗೆ ಆದ್ಮೇಲೆ ಬಾಣಂತಿ ಮನೋರೋಗಕ್ಕೆ ಔಷಧಿ ತಗೊಳ್ತಿದ್ದೋರು. ಮಗು ಹಾಲು ಕುಡೀತಿದ್ದಾಗ ಮುಟ್ಟು ಬರದೇ ಇರೋದು ಮಾಮೂಲು ಅಲ್ವಾ, ಹಾಗಾಗಿ ಬಸಿರು ನಿಂತಿರೋದು ಗೊತ್ತೇ ಆಗಿರಲಿಲ್ಲ. ಗೊತ್ತಾಗೋ ಹೊತ್ತಿಗೆ 24 ದಾಟಿತ್ತು. ಅಕ್ಟೋಬರ್ 9ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅನುಮತಿ ಕೊಟ್ರು. ಮಾರನೇ ದಿನ ಏಮ್ಸ್ ಡಾಕ್ಟರೊಬ್ಬರು ಮೇಲ್ ಬರೆದ್ರು, ಭ್ರೂಣಕ್ಕೆ ಜೀವಂತ ಹುಟ್ಟೋ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಿ ತೆಗೀಬೇಕಾ ಅಂತ. 11ಕ್ಕೆ ಅದೇ ಇಬ್ಬರು ಬೇರೆ ಬೇರೆ ಆದ್ರು. ನ್ಯಾಯಮೂರ್ತಿ ಹಿಮಾ ಕೊಹ್ಲಿ ತಮ್ಮ ಮನಸ್ಸು ಇದಕ್ಕೆ ಒಪ್ತಿಲ್ಲ ಅಂದ್ರು, ನಮ್ಮ ಕರ್ನಾಟಕದೋರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಹೆಂಗಸಿನ ತೀರ್ಮಾನಕ್ಕೆ ಬೆಲೆ ಕೊಡಬೇಕು ಅಂತ ನಿಂತ್ರು. 16ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ, 26 ವಾರ 5 ದಿನ ಆಗಿದೆ, ತಾಯಿ ಜೀವಕ್ಕೆ ತಕ್ಷಣದ ಅಪಾಯ ಇಲ್ಲ, ಭ್ರೂಣದಲ್ಲಿ ದೋಷ ಇಲ್ಲ, ಆಗಲ್ಲ ಅಂತ ಹೇಳಿ ಮುಗಿಸ್ತು. ನಾನು ಇಲ್ಲಿ ಯಾರನ್ನೂ ಬೈತಿಲ್ಲ. ನ್ಯಾಯಮೂರ್ತಿ ಕೊಹ್ಲಿ ಅವರ ಹಿಂಜರಿಕೆ ನಂಗೆ ಅರ್ಥ ಆಗುತ್ತೆ, ಆ ಡಾಕ್ಟರ ಪ್ರಶ್ನೆಯೂ ಪ್ರಾಮಾಣಿಕವಾದದ್ದೇ. ನಂಗೆ ಅರ್ಥ ಆಗದೇ ಇರೋದು ಒಬ್ಬ ಹೆಂಗಸಿನ ಗರ್ಭಕೋಶದ ಬಗ್ಗೆ ದಿಲ್ಲಿಯಲ್ಲಿ ಎರಡು ಪೀಠ, ಸರ್ಕಾರದ ವಕೀಲರು, ಆಸ್ಪತ್ರೆಯ ಬೋರ್ಡು ಒಂದು ವಾರ ವಾದ ಮಾಡೋ ಪರಿಸ್ಥಿತಿಯನ್ನ ಕಾಯ್ದೆ ಯಾಕೆ ಇಟ್ಕೊಂಡಿದೆ ಅನ್ನೋದು. ಆ ವಾರವೂ ಹೊಟ್ಟೆಯಲ್ಲಿ ಕೂಸು ಬೆಳೀತಾನೇ ಇತ್ತು.

ಅದಕ್ಕೆ ಮುಂಚಿನ ವರ್ಷದ್ದು ಇನ್ನೊಂದು. ಮದುವೆ ಆಗದ 25ರ ಹುಡುಗಿ, ಜೊತೆಗಿದ್ದೋನು ಕೈಕೊಟ್ಟ, ಕೋರ್ಟಿಗೆ ಬರೋ ಹೊತ್ತಿಗೆ 20 ವಾರ ದಾಟಿ 24ರ ಗಡುವು ಹತ್ರ ಬಂದಿತ್ತು. 2022ರ ಜುಲೈ 15ಕ್ಕೆ ದಿಲ್ಲಿ ಹೈಕೋರ್ಟು, ನಿಯಮದ ಪಟ್ಟಿಯಲ್ಲಿ ಅವಿವಾಹಿತೆ ಇಲ್ಲ, ಆಗಲ್ಲ ಅಂತು. ಆರು ದಿನದ ಮೇಲೆ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಡ್ತು, ಸೆಪ್ಟೆಂಬರ್ 29ಕ್ಕೆ ಪೂರ್ತಿ ತೀರ್ಪು ಬಂತು, ಮದುವೆ ಆಗಿರಲಿ ಬಿಡಲಿ 24ರ ತನಕ ಎಲ್ಲರಿಗೂ ಒಂದೇ ಅಂತ, ಗಂಡನೇ ಬಲವಂತ ಮಾಡಿ ಬಸಿರಾಗಿದ್ರೂ ಈ ಕಾಯ್ದೆಯ ಮಟ್ಟಿಗೆ ಅದನ್ನ ಅತ್ಯಾಚಾರ ಅಂತಲೇ ತಿಳೀಬೇಕು ಅಂತ. ಬಹಳ ದೊಡ್ಡ ತೀರ್ಪು. ಆದ್ರೆ ಇದನ್ನ ಕೋರ್ಟು ಹೇಳ್ಬೇಕಾಗಿ ಬಂದಿದ್ದು ಯಾಕೆ? 2021ರ ತಿದ್ದುಪಡಿಯಲ್ಲಿ ನೀವೇ ವಿವಾಹಿತೆ, ಗಂಡ ಅನ್ನೋ ಪದ ತೆಗೆದು ಹೆಂಗಸು, ಸಂಗಾತಿ ಅಂತ ಹಾಕಿದ್ರಿ, ಲೋಕಸಭೆಯಲ್ಲಿ 2020ರ ಮಾರ್ಚ್ 17ಕ್ಕೆ, ರಾಜ್ಯಸಭೆಯಲ್ಲಿ 2021ರ ಮಾರ್ಚ್ 16ಕ್ಕೆ ಪಾಸಾಯ್ತು, ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ನಿಯಮ ಮಾಡೋವಾಗ ವಿಧವೆಗೆ, ವಿಚ್ಛೇದಿತೆಗೆ ಜಾಗ ಕೊಡ್ತು, ಮದುವೆಯೇ ಆಗದೋಳನ್ನ ಬಿಟ್ಬಿಡ್ತು. ನಿಯಮ ಸದನದ ಮುಂದೆ ಇಟ್ಟಾಗ ಯಾರೂ ಕಣ್ಣು ಹಾಯಿಸಲಿಲ್ವಾ ಅಂತ ಕೇಳೋಕೆ ಮನಸ್ಸಾಗುತ್ತೆ.

2017ರಲ್ಲಿ ಚಂಡೀಗಢದ ಹತ್ತು ವರ್ಷದ ಕೂಸು. ಹತ್ತು ವರ್ಷ ಸಾರ್. ಅವಳಿಗೆ ಏನಾಗ್ತಿದೆ ಅಂತ ಅವಳಿಗೇ ಗೊತ್ತಿರಲಿಲ್ಲ, ಹೊಟ್ಟೆನೋವು ಅಂತ ಕರ್ಕೊಂಡು ಹೋದಾಗ ಗೊತ್ತಾಗಿದ್ದು, ಅಷ್ಟೊತ್ತಿಗೆ ತಡ ಆಗಿ ಹೋಗಿತ್ತು, ಸುಪ್ರೀಂ ಕೋರ್ಟಿಗೆ ಬಂದಾಗ ಸುಮಾರು 32 ವಾರ. ಈಗ ತೆಗೆದ್ರೆ ಅವಳಿಗೂ ಒಳ್ಳೇದಲ್ಲ ಅಂತ ಬೋರ್ಡು ಹೇಳ್ತು, ಕೋರ್ಟು ಆಗಲ್ಲ ಅಂತು, ಆಗಸ್ಟಿನಲ್ಲಿ ಸಿಸೇರಿಯನ್ ಆಯ್ತು. ಆ ಹಂತದಲ್ಲಿ ಬೇರೆ ದಾರಿ ಇರಲಿಲ್ಲವೇನೋ, ನಾನು ಡಾಕ್ಟರಲ್ಲ. ಆದ್ರೆ ತಡವಾಗಿ ಬರೋರು ಯಾರು ಅಂತ ಇದರಿಂದ ನಿಮಗೆ ಗೊತ್ತಾಗಬೇಕು. ಓದಿ, ಸಂಬಳ ತಗೊಂಡು, ಒಳ್ಳೇ ಲೇಡಿ ಡಾಕ್ಟರ್ ನಂಬರ್ ಫೋನಲ್ಲಿ ಇಟ್ಕೊಂಡಿರೋರು ಏಳನೇ ವಾರಕ್ಕೇ ಮುಗಿಸಿಕೊಂಡು ಆಫೀಸಿಗೆ ಹೋಗ್ತಾರೆ. 24ರ ಗೋಡೆಗೆ ಬಂದು ಡಿಕ್ಕಿ ಹೊಡೆಯೋರು ಚಿಕ್ಕ ಹುಡುಗೀರು, ಬುದ್ಧಿಮಾಂದ್ಯರು, ಮನೆಯೋನೇ ಕೆಡಿಸಿದ್ದಕ್ಕೆ ಬಾಯಿ ಬಿಡೋಕೆ ಆಗದೇ ಇರೋರು, ಹತ್ತಿರದಲ್ಲಿ ಡಾಕ್ಟರೇ ಇಲ್ಲದೋರು. ಹಳ್ಳಿ ಕಡೆಯ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ಸ್ತ್ರೀರೋಗ ತಜ್ಞರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಕೊರತೆ ಇದೆ ಅಂತ ಕೇಂದ್ರ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶವೇ ಹೇಳುತ್ತೆ. 20 ವಾರ ದಾಟಿದೋಳಿಗೆ ಇಬ್ಬರು ಡಾಕ್ಟರ ಸಹಿ ತಗೊಂಡು ಬಾ ಅಂದ್ರೆ ಎಲ್ಲಿಂದ ತರಬೇಕು? ಬೋರ್ಡಿಗೆ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಎಲ್ಲ ಬೇಕು, ಮೂರು ದಿನದಲ್ಲಿ ಅಭಿಪ್ರಾಯ ಕೊಡಬೇಕು ಅಂತ ನಿಯಮ ಇದೆ, ಮೂರು ದಿನ ಅನ್ನೋದು ಬೋರ್ಡು ಇರೋ ಊರಿನ ಲೆಕ್ಕ.

ಇನ್ನು ಮನೆಯಲ್ಲೇ ಮಾತ್ರೆ ತಗೊಳ್ಳೋರು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತಲ್ಲಿ ಬಂದ ಅಧ್ಯಯನದ ಪ್ರಕಾರ 2015ರಲ್ಲಿ ನಮ್ಮ ದೇಶದಲ್ಲಿ ಆದ ಗರ್ಭಪಾತ ಸುಮಾರು 1.56 ಕೋಟಿ, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ, ಮೆಡಿಕಲ್ ಶಾಪಲ್ಲೋ ಇನ್ನೆಲ್ಲೋ ಸಿಕ್ಕ ಮಾತ್ರೆಯಲ್ಲಿ. ಹತ್ತಿರ ಹತ್ತಿರ ಮುಕ್ಕಾಲು ಪಾಲು ಜನ ನಿಮ್ಮ ಕಾಯ್ದೆಯ ಬಾಗಿಲಿಗೇ ಬಂದಿಲ್ಲ. ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಸರಿಯಾಗಿ ತಗೊಂಡ್ರೆ ಒಳ್ಳೇ ಔಷಧಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಎಷ್ಟು ವಾರ ಆಗಿದೆ ಅಂತ ಗೊತ್ತಿಲ್ದೆ, ಗರ್ಭ ನಳಿಕೆಯಲ್ಲಿ ಕಟ್ಟಿದೆಯಾ ಅಂತ ನೋಡಿಸ್ದೆ, ರಕ್ತ ಎಷ್ಟು ಹೋದ್ರೆ ಆಸ್ಪತ್ರೆಗೆ ಓಡಬೇಕು ಅಂತ ಯಾರೂ ಹೇಳ್ದೆ ತಗೊಂಡ್ರೆ ಅದೇ ಅಪಾಯ. ಹೇಳೋರು ಯಾಕಿಲ್ಲ? ಹೇಳೋಕೆ ಹೆದರ್ತಾರೆ.

ಆ ಹೆದರಿಕೆಯಲ್ಲಿ ಅರ್ಧ ಪಾಲು ಹೆಣ್ಣು ಭ್ರೂಣಹತ್ಯೆಯ ಕಾನೂನಿನದ್ದು, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು ಯಾಕಂದ್ರೆ ಇಲ್ಲಿ ನನ್ನನ್ನ ತಪ್ಪು ತಿಳಿಯೋರು ಜಾಸ್ತಿ. 2011ರ ಜನಗಣತಿ ಹೊತ್ತಿಗೆ ಆರು ವರ್ಷದ ಒಳಗಿನ ಸಾವಿರ ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು 920ಕ್ಕಿಂತ ಕಮ್ಮಿ ಆಗಿದ್ರು. 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಕೊಂಡು ಹೆಣ್ಣೋ ಗಂಡೋ ಹೇಳ್ತಿದ್ದ ಜಾಲ ಪೊಲೀಸರಿಗೆ ಸಿಕ್ತಲ್ಲ, ಅದನ್ನ ಓದಿದಾಗ ನಂಗೂ ಮೈ ಉರಿದು ಹೋಯ್ತು. ಅಂಥೋರಿಗೆ ಶಿಕ್ಷೆ ಆಗಲೇಬೇಕು. ಆದ್ರೆ ಅದಕ್ಕೆ 1994ರ ಬೇರೆ ಕಾನೂನು ಇದೆ, ಅದು ಹಿಡಿಯೋದು ಲಿಂಗ ಪತ್ತೆ ಮಾಡೋರನ್ನ, ಹೇಳೋರನ್ನ. ಅದನ್ನ ಬಿಟ್ಟು ಎಲ್ಲ ಗರ್ಭಪಾತವೂ ಭ್ರೂಣಹತ್ಯೆ ಅಂತ ಗೋಡೆ ಗೋಡೆಗೆ ಬರೆಸಿದ್ರೆ ಏನಾಗುತ್ತೆ? ಮಾತ್ರೆ ಬಳಸೋದು 9 ವಾರದ ಒಳಗೆ, ಸ್ಕ್ಯಾನಿಂಗಲ್ಲಿ ಲಿಂಗ ಕಾಣೋದು ಅದಕ್ಕಿಂತ ಎಷ್ಟೋ ವಾರ ಆದ್ಮೇಲೆ, ಆದ್ರೂ ಲೆಕ್ಕ ಕೇಳ್ತಾರೆ, ರೇಡ್ ಮಾಡ್ತಾರೆ ಅಂತ ಎಷ್ಟೋ ಮೆಡಿಕಲ್ ಶಾಪಿನೋರು ಈ ಮಾತ್ರೆ ಇಡೋದನ್ನೇ ಬಿಟ್ಟಿದಾರೆ. ಏಳನೇ ವಾರಕ್ಕೆ ಮಾತ್ರೆ ಸಿಗದೇ ಇದ್ದೋಳು ಹದಿನೈದನೇ ವಾರಕ್ಕೆ ಎಲ್ಲಿಗೆ ಹೋಗ್ತಾಳೆ ಅಂತ ಅಧಿಕಾರಿಗಳು ಯೋಚನೆ ಮಾಡಲ್ಲ. ಆ ಆಲೆಮನೆ ಥರದ ಜಾಗಕ್ಕೇ ಹೋಗ್ತಾಳೆ.

18 ತುಂಬದ ಹುಡುಗೀರ ಕಥೆ ಇನ್ನೊಂದು. 17ರ ಹುಡುಗಿ ಒಪ್ಪಿ ಪ್ರೀತಿಸಿದ್ರೂ ಪೋಕ್ಸೊ (ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ ಕಾಯ್ದೆ) ಪ್ರಕಾರ ಅದು ಅಪರಾಧ, ಅದರ 19ನೇ ಸೆಕ್ಷನ್ ಪ್ರಕಾರ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಆ ಭಯಕ್ಕೆ ಅವಳು ಆಸ್ಪತ್ರೆಗೇ ಬರಲ್ಲ. 2022ರ ತೀರ್ಪಿನಲ್ಲಿ ಹುಡುಗಿ ಮತ್ತು ಪೋಷಕರು ಕೇಳಿದ್ರೆ ಅವಳ ಹೆಸರು, ಗುರುತು ಪೊಲೀಸರಿಗೆ ಕೊಡೋದು ಬೇಡ ಅಂತ ಕೋರ್ಟು ಹೇಳಿದೆ. ತೀರ್ಪಲ್ಲಿ ಇದೆ, ಕಾಯ್ದೆಯಲ್ಲಿ ಇಲ್ಲ, ತಾಲೂಕು ಆಸ್ಪತ್ರೆ ಡಾಕ್ಟರು ತೀರ್ಪು ಓದಿಕೊಂಡು ಕೂರಲ್ಲ.

ಈಗ ನಂಗೆ ಎಲ್ಲಕ್ಕಿಂತ ಜಾಸ್ತಿ ಕಾಡೋ ವಿಷಯ. 24 ದಾಟಿದ್ಮೇಲೆ ಭ್ರೂಣಕ್ಕೆ ಗಂಭೀರ ದೋಷ ಇದ್ರೆ ವಾರದ ಮಿತಿಯೇ ಇಲ್ಲ, 30 ಆಗಿದ್ರೂ ಬೋರ್ಡು ಒಪ್ಪಬಹುದು. ಆದ್ರೆ ಅತ್ಯಾಚಾರಕ್ಕೆ ಸಿಕ್ಕಿ ಬಸಿರಾದ ಹುಡುಗಿ 25ನೇ ವಾರಕ್ಕೆ ಬಂದ್ರೆ ಅವಳು ಕೋರ್ಟಿಗೆ ಹೋಗಬೇಕು. 24 ಅನ್ನೋ ಗೆರೆ ಭ್ರೂಣದ ಜೀವದ ಗೌರವಕ್ಕೆ ಅಂತ ಎಳೆದಿದ್ರೆ ದೋಷ ಇರೋ ಭ್ರೂಣದ ಜೀವ ಯಾಕೆ ಅಗ್ಗ ಆಯ್ತು? ಹೆಂಗಸಿನ ಸಂಕಟಕ್ಕೆ ಅಂತ ಸಡಿಲ ಮಾಡಿದ್ರೆ ಈ ಹುಡುಗಿಯ ಸಂಕಟ ಯಾಕೆ ಲೆಕ್ಕಕ್ಕೆ ಬರಲಿಲ್ಲ? ಎರಡಕ್ಕೂ ಉತ್ತರ ಸಿಗಲ್ಲ, ಸಿಗೋದು 1971ರ ಆ ಸುಜನನ ಅನ್ನೋ ಮಾತಲ್ಲಿ. ಅಂಗವಿಕಲರ ಹಕ್ಕಿನ ಪರ ಕೆಲಸ ಮಾಡೋರು, ನಮ್ಮಂಥೋರು ಹುಟ್ಟೋದೇ ಬೇಡ ಅಂತ ಕಾನೂನೇ ಹೇಳ್ದಂಗಾಯ್ತಲ್ಲ ಅಂತ ಬಹಳ ದಿನದಿಂದ ಕೇಳ್ತಿದಾರೆ. ದೋಷ ಇರೋ ಮಗು ಹೊತ್ತೋಳಿಗೆ ದಾರಿ ಮುಚ್ಚಿ ಅಂತ ನಾನು ಖಂಡಿತ ಹೇಳಲ್ಲ, ದೋಷ ಕಾಣೋ ಸ್ಕ್ಯಾನೇ ಆಗೋದು 18–20 ವಾರಕ್ಕೆ, ಅವರಿಗೆ ಟೈಮು ಬೇಕೇ ಬೇಕು. ಭ್ರೂಣಕ್ಕೆ ಮಾರ್ಕ್ಸ್ ಕೊಡೋ ಬದಲು ಹೆಂಗಸಿನ ಪರಿಸ್ಥಿತಿ ನೋಡಿ ಅಂತ ಹೇಳ್ತಿದೀನಿ, ಆಗ ಈ ಇಬ್ಬರೂ ಒಂದೇ ಬಾಗಿಲಲ್ಲಿ ಬರ್ತಾರೆ.

ಒಪ್ಪಿಗೆ ವಿಷಯಕ್ಕೆ ಆಮೇಲೆ ಬರ್ತೀನಿ ಅಂದಿದ್ದೆ. 2009ರಲ್ಲಿ ಚಂಡೀಗಢದ್ದೇ ಒಂದು ಕೇಸು, ಸರ್ಕಾರಿ ಆಶ್ರಯದಲ್ಲಿದ್ದ ಅಲ್ಪ ಬುದ್ಧಿಮಾಂದ್ಯ ಯುವತಿ, ಅಲ್ಲೇ ಅತ್ಯಾಚಾರ ಆಗಿ ಬಸಿರಾದಳು, ಹೈಕೋರ್ಟು ಗರ್ಭ ತೆಗೀರಿ ಅಂತು. ಅವಳು ನಂಗೆ ಮಗು ಬೇಕು ಅಂದಳು. ಸುಪ್ರೀಂ ಕೋರ್ಟು ಅವಳ ಮಾತನ್ನ ಎತ್ತಿಹಿಡೀತು, ಹೆರೋದೋ ಬೇಡವೋ ಅನ್ನೋ ಆಯ್ಕೆ ಸಂವಿಧಾನದ 21ನೇ ವಿಧಿಯಲ್ಲಿರೋ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ. ಗರ್ಭಪಾತ ಬೇಡ ಅನ್ನೋರು ಈ ಕೇಸನ್ನ ಸರಿಯಾಗಿ ಓದಬೇಕು. ಹೆಂಗಸಿನ ಮಾತೇ ಕೊನೇ ಮಾತು ಅಂತ ಆದ್ರೆ ಅತ್ತೆ ಮನೆಯೋರು ಹೆಣ್ಣು ಅಂತ ತೆಗೆಸೋಕೆ ಒತ್ತಾಯ ಮಾಡ್ದಾಗ ಅವಳನ್ನ ಕಾಯೋದೂ ಅದೇ ಮಾತು. ಬೇರೆಯೋರು ತೀರ್ಮಾನ ಮಾಡಬಹುದು ಅಂತ ಒಂದು ಸಲ ಒಪ್ಪಿದ್ರೆ ಆ ಬೇರೆಯೋರು ಇವತ್ತು ಇಟ್ಕೋ ಅಂತಾರೆ, ನಾಳೆ ತೆಗೆಸು ಅಂತಾರೆ.

ಹಾಗಾದ್ರೆ ಭ್ರೂಣಕ್ಕೆ ಏನೂ ಹಕ್ಕಿಲ್ವಾ ಅಂತ ಕೇಳಬಹುದು. ಇದೆ ಅಂತಲೇ ಇಟ್ಕೊಳ್ಳೋಣ. ಹುಟ್ಟಿ ಬೆಳೆದ ಮಗುಗೆ ಪೂರ್ತಿ ಹಕ್ಕಿದೆ, ಆದ್ರೂ ಮಗ ಸಾಯ್ತಾನೆ ಅಂತ ಗೊತ್ತಿದ್ರೂ ಅಪ್ಪನ ಕಿಡ್ನಿ ಬಲವಂತವಾಗಿ ತೆಗೆಯೋ ಕಾನೂನು ಈ ದೇಶದಲ್ಲಿಲ್ಲ, 1994ರ ಅಂಗಾಂಗ ಕಸಿ ಕಾಯ್ದೆ ಸ್ವಂತ ಒಪ್ಪಿಗೆ ಬೇಕು ಅನ್ನುತ್ತೆ. ಕೊಡದೇ ಇರೋ ಅಪ್ಪನನ್ನ ನಾವು ಮನಸ್ಸಲ್ಲಿ ಬೈಕೊಳ್ಳಬಹುದು, ಜೈಲಿಗೆ ಹಾಕಲ್ಲ. ಕೊಡದೇ ಇರೋದು ಬೇರೆ, ಕೊಲ್ಲೋದು ಬೇರೆ ಅಂತ ಇದಕ್ಕೆ ಎದುರು ವಾದ ಇದೆ, ಆ ವಾದಕ್ಕೆ ಬಲ ಇದೆ, ಏಳನೇ ತಿಂಗಳಲ್ಲಂತೂ ಬಹಳ ಬಲ ಇದೆ. ಅದಕ್ಕೇ ನಾನು ಮತ್ತೆ ಮತ್ತೆ ಹೇಳ್ತಿರೋದು, ಏಳನೇ ತಿಂಗಳ ತನಕ ಎಳೀಬೇಡಿ ಅಂತ. ಮಿತಿ ತೆಗೆದ್ರೆ ಎಲ್ಲರೂ ಎಂಟನೇ ತಿಂಗಳಿಗೆ ಬರ್ತಾರೆ ಅಂತ ಹೆದರಿಸ್ತಾರಲ್ಲ, ಕೆನಡಾದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಸೆಕ್ಷನ್ನನ್ನ ರದ್ದು ಮಾಡ್ತು, ಆಮೇಲೆ ಅಲ್ಲಿ ಅಂಥ ಕಾನೂನೇ ಇಲ್ಲ, ಆದ್ರೂ ಬಹುಪಾಲು ಗರ್ಭಪಾತ ಮೊದಲ ಮೂರು ತಿಂಗಳಲ್ಲೇ ಮುಗಿಯುತ್ತೆ. ಬೇಗ ಸಿಗೋ ಕಡೆ ಯಾರೂ ತಡ ಮಾಡಲ್ಲ. ಅಷ್ಟು ದೂರ ಯಾಕೆ, ನೇಪಾಳದಲ್ಲಿ 12 ವಾರದ ತನಕ ಹೆಂಗಸು ಒಪ್ಪಿದ್ರೆ ಸಾಕು, ಅತ್ಯಾಚಾರ ಆಗಿದ್ರೆ 28 ವಾರದ ತನಕ.

ಬೆಳಗಾವಿ ಕಡೆಯ ಎಂಪಿಗಳಿಗೆ ಒಂದು ಮಾತು ಬೇರೆಯಾಗಿ. ನಿಮ್ಮೂರಿನ ಮಗಳು, ಹಲ್ಲಿನ ಡಾಕ್ಟರ್ ಸವಿತಾ ಹಾಲಪ್ಪನವರ್, 31 ವರ್ಷ, 2012ರ ಅಕ್ಟೋಬರ್ 28ಕ್ಕೆ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡ್ರು. 17 ವಾರ. ಗರ್ಭ ಉಳಿಯಲ್ಲ ಅಂತ ಡಾಕ್ಟರಿಗೆ ಗೊತ್ತಿತ್ತು, ತೆಗೀರಿ ಅಂತ ಆಯಮ್ಮನೇ ಕೇಳಿದ್ರು, ಎದೆಬಡಿತ ಇನ್ನೂ ಇದೆ ಅಂತ ಕಾದ್ರು. ಅಲ್ಲಿನ ಸಂವಿಧಾನದಲ್ಲಿ 1983ರಲ್ಲಿ ಸೇರಿಸಿದ್ದ ಒಂದು ಸಾಲು, ತಾಯಿಗೂ ಹುಟ್ಟದ ಮಗುಗೂ ಸಮಾನವಾದ ಜೀವದ ಹಕ್ಕು ಅಂತ. ಓದೋಕೆ ಎಷ್ಟು ನ್ಯಾಯವಾಗಿದೆ ನೋಡಿ. ಆ ಸಾಲನ್ನ ತಲೆಯಲ್ಲಿ ಇಟ್ಕೊಂಡಿದ್ದ ಡಾಕ್ಟರುಗಳು ಜೀವಕ್ಕೆ ಅಪಾಯ ಅನ್ನೋದು ಎಷ್ಟು ಅಪಾಯ ಅಂತ ಲೆಕ್ಕ ಹಾಕ್ತಾ ಕೂತ್ರು. ಆಗ ನಮ್ಮ ವಿದೇಶಾಂಗ ಇಲಾಖೆ ಐರ್ಲೆಂಡ್ ರಾಯಭಾರಿಯನ್ನ ಕರೆಸಿ ಮಾತಾಡ್ತು. 2018ರ ಮೇ 25ಕ್ಕೆ ಐರ್ಲೆಂಡಿನ ಜನ ನೂರಕ್ಕೆ 66.4 ವೋಟು ಹಾಕಿ ಆ ಸಾಲನ್ನ ತೆಗೆದ್ರು, ಬೀದಿ ಬೀದಿಯಲ್ಲಿ ಸವಿತಾ ಅವರ ಫೋಟೊ ಇತ್ತು. ಕರ್ನಾಟಕದ ಒಬ್ಬ ಹೆಣ್ಣುಮಗಳಿಂದ ಇನ್ನೊಂದು ದೇಶದ ಸಂವಿಧಾನ ಬದಲಾಯ್ತು, ಜೀವಕ್ಕೆ ತಕ್ಷಣದ ಅಪಾಯ ಅನ್ನೋ ಅದೇ ಥರದ ಮಾತು ನಮ್ಮ ಎಂಟಿಪಿ ಕಾಯ್ದೆಯ ಐದನೇ ಸೆಕ್ಷನ್ನಿನಲ್ಲಿ ಹಾಗೇ ಕೂತಿದೆ.

ನಾನು ಕೇಳೋದು ಜಾಸ್ತಿ ಏನಿಲ್ಲ. ಕನಿಷ್ಠ 12 ವಾರದ ತನಕ ಅವಳು ಬೇಡ ಅಂದ್ರೆ ಸಾಕು ಅಂತ ಬರೀರಿ, ಕಾರಣ ಕೇಳಬೇಡಿ, ಸುಳ್ಳು ಹೇಳಿಸಬೇಡಿ. ನ್ಯಾಯ ಸಂಹಿತೆಯ 88ರಿಂದ ಹೆಂಗಸನ್ನೂ ಅರ್ಹ ಡಾಕ್ಟರನ್ನೂ ಹೊರಗಿಡಿ, ಒಪ್ಪಿಗೆ ಇಲ್ದೆ ಮಾಡಿಸೋರಿಗೆ 89 ಇದ್ದೇ ಇದೆ. 24 ದಾಟಿದ ಅತ್ಯಾಚಾರದ ಕೇಸು, ಮಕ್ಕಳ ಕೇಸು, ಮಾನಸಿಕ ಕಾಯಿಲೆಯ ಕೇಸನ್ನ ನೋಡಿಕೊಳ್ಳೋ ಡಾಕ್ಟರುಗಳೇ ತೀರ್ಮಾನ ಮಾಡಲಿ, ಕೋರ್ಟಿಗೆ ಕಳಿಸಬೇಡಿ. ಇದಕ್ಕೆ ಖಾಸಗಿ ಮಸೂದೆ ತರೋ ಧೈರ್ಯ ನಿಮ್ಮ ನಲವತ್ತು ಜನದಲ್ಲಿ ಒಬ್ಬರಿಗಾದ್ರೂ ಇದ್ರೆ ಸಂತೋಷ. ಇಲ್ದಿದ್ರೆ ಮುಂದಿನ ಅಧಿವೇಶನದಲ್ಲಿ ಆರೋಗ್ಯ ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ: ಯಾವ ರಾಜ್ಯದಲ್ಲಿ ಎಷ್ಟು ಮೆಡಿಕಲ್ ಬೋರ್ಡು ಕೆಲಸ ಮಾಡ್ತಿವೆ, ಕರ್ನಾಟಕದ ಯಾವ ಯಾವ ಜಿಲ್ಲೆಯಲ್ಲಿ ಇಲ್ಲ, ಮೊದಲ ಸಲ ಆಸ್ಪತ್ರೆಗೆ ಬಂದ ದಿನದಿಂದ ಗರ್ಭಪಾತ ಆದ ದಿನಕ್ಕೆ ಎಷ್ಟು ದಿನ ಹಿಡೀತಿದೆ, 2021ರಿಂದ ಈಚೆಗೆ ಎಷ್ಟು ಜನ ಹೈಕೋರ್ಟಿಗೆ ಹೋದ್ರು, ಅದರಲ್ಲಿ 18ರ ಒಳಗಿನೋರು ಎಷ್ಟು. ಪ್ರಶ್ನೆ ಕೇಳೋಕೆ ವಿಪ್ ಅಡ್ಡ ಬರಲ್ಲ. ಉತ್ತರ ಬಂದ್ಮೇಲೆ ನಿಮ್ಮ ಪೇಜಲ್ಲಿ ಕನ್ನಡದಲ್ಲಿ ಹಾಕಿ, ನಾವು ಓದ್ತೀವಿ.

ಇಂತಿ,
ನಿಮ್ಮಲ್ಲಿ ಒಬ್ಬರಿಗೆ ವೋಟು ಹಾಕಿದ ಒಬ್ಬಳು ಮತದಾರಳು